ಪಾಲು, ಹಾಲು: ಮಗನ ಜೊತೆ ಮೂರು ಥರ ಮಾತಾಡಿ ನೋಡಿದೆವು

ನನ್ನ ತವರು ಚಳ್ಳಕೆರೆ ಕಡೆ, ಮನೆಮಾತು ತೆಲುಗು. ಗಂಡನ ಮನೆ ದಾವಣಗೆರೆ, ಇಲ್ಲಿ ಎಲ್ಲ ಕನ್ನಡ. ಮಗನಿಗೆ ಎರಡು ವರ್ಷ ತುಂಬುತ್ತಾ ಬಂದರೂ ಮಾತು ಕಡಿಮೆ. ಎರಡು ಭಾಷೆ ಕೇಳಿ ಗಲಿಬಿಲಿ ಆಗಿದೆ, ತೆಲುಗು ಬಿಟ್ಟುಬಿಡು ಅಂದರು ಎಲ್ಲರೂ.

ಬಿಟ್ಟೆ. ಎರಡು ತಿಂಗಳು ಬರೀ ಕನ್ನಡ. ಮೂರರಲ್ಲಿ ಕೆಟ್ಟದ್ದು ಇದೇ. ನನಗೆ ಕನ್ನಡ ಚೆನ್ನಾಗಿಯೇ ಬರುತ್ತದೆ. ಆದರೆ ಮುದ್ದು ಮಾಡುವುದು, ಗದರುವುದು, ಲಾಲಿ ಹಾಡುವುದು ಎಲ್ಲ ತೆಲುಗಿನಲ್ಲೇ ಬಾಯಿಗೆ ಬರುತ್ತದೆ. ಸ್ನಾನ ಮಾಡಿಸುವಾಗ ಸುಮ್ನೆ ನೀರು ಹಾಕಿ ಎತ್ತಿಕೊಂಡು ಬರುತ್ತಿದ್ದೆ. ಅವನ ಮಾತು ಹೆಚ್ಚಲಿಲ್ಲ, ನನ್ನ ಮಾತು ನಿಂತಿತು.

ಕೊನೆಗೆ ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋದೆವು. ಅವರು ಮೊದಲು ಕಿವಿ ಪರೀಕ್ಷೆ ಮಾಡಿಸಿದರು. ಆಮೇಲೆ ಅವನು ಆಡುವ ಪದಗಳನ್ನು ಬರೆದು ತರಲು ಹೇಳಿದರು, ಎರಡೂ ಭಾಷೆಯವು. ಕನ್ನಡದ್ದು 19, ತೆಲುಗಿನದ್ದು 34. ಎರಡು ವರ್ಷಕ್ಕೆ ಸುಮಾರು 50 ಪದ ಇರಬೇಕಂತೆ, ಎರಡೂ ಸೇರಿಸಿ ಎಣಿಸಬೇಕಂತೆ. ಕನ್ನಡ ಒಂದನ್ನೇ ಎಣಿಸಿ ಎಷ್ಟು ಹೆದರಿದ್ದೆವು!

ಆಮೇಲೆ, ನಾನು ತೆಲುಗು, ಅವರಪ್ಪ ಕನ್ನಡ ಅಂತ ಹಂಚಿಕೊಂಡೆವು. ಪರವಾಗಿಲ್ಲ. ಆದರೆ ಊಟಕ್ಕೆ ಕೂತಾಗ ಕಷ್ಟ. ಅತ್ತೆಗೆ ತೆಲುಗು ಗೊತ್ತಿಲ್ಲ, ಪ್ರತಿ ಮಾತನ್ನೂ ಎರಡೆರಡು ಸಲ ಹೇಳಬೇಕು.

ಈಗ ಕೆಲಸದ ಮೇಲೆ ಭಾಷೆ. ಸ್ನಾನ, ತಿಂಡಿ, ಮಲಗುವುದು ತೆಲುಗು. ಕುಂದುವಾಡ ಕೆರೆ ಏರಿ ಮೇಲೆ ನಡೆಯುವಾಗ, ಸಂತೆಯಲ್ಲಿ, ಊಟಕ್ಕೆ ಎಲ್ಲರೂ ಕೂತಾಗ ಕನ್ನಡ. ನಮಗೆ ಹೊಂದಿದ್ದು ಇದೇ. ದಿನಾ ಅದೇ ಹೊತ್ತಿಗೆ ಅದೇ ಪದ ಕಿವಿಗೆ ಬೀಳುತ್ತದೆ, ಅಲ್ವಾ? ತೆಲುಗಿನಲ್ಲಿ ಹಾಲಿಗೆ ಪಾಲು ಅನ್ನುತ್ತೇವೆ. ಅವನು ಎರಡೂ ಬೆರೆಸಿ 'ಅಮ್ಮ, ಪಾಲು ಬೇಕು' ಅಂದರೆ ತಪ್ಪು ಅನ್ನುವುದಿಲ್ಲ. ಬೆರೆಸಿ ಮಾತಾಡುವುದು ಎರಡು ಭಾಷೆಯ ಮಕ್ಕಳಲ್ಲಿ ಸಹಜ. 'ಪಾಲು ಕಾವಾಲಾ? ಇದಿಗೋ, ವೇಡಿ ಪಾಲು' (ಹಾಲು ಬೇಕಾ? ಇಗೋ, ಬಿಸಿ ಹಾಲು) ಅಂತ ಒಂದು ಪದ ಜಾಸ್ತಿ ಸೇರಿಸಿ ಕೊಡುತ್ತೇನೆ. ಆಮೇಲೆ ಅವನು ಬಾಯಿ ಬಿಡುವ ತನಕ ಕಾಯುತ್ತೇನೆ. ಈ ಕಾಯುವುದೇ ನನಗೆ ಕಷ್ಟದ ಕೆಲಸವಾಗಿತ್ತು.

ಮೊಬೈಲ್ ಹಾಡುಗಳನ್ನೂ ಹಾಕಿದ್ದೆವು. ಹಾಡು ಬಾಯಿಪಾಠ ಆಯಿತು, ನೀರು ಕೇಳಲು ಬರಲಿಲ್ಲ. ನಿಲ್ಲಿಸಿದೆವು.

ಎರಡು ವರ್ಷಕ್ಕೆ ಎರಡೂ ಭಾಷೆ ಸೇರಿ 50 ಪದ ಇಲ್ಲದಿದ್ದರೆ, ಎರಡು ಪದ ಜೋಡಿಸದಿದ್ದರೆ ದಯವಿಟ್ಟು ಕಾಯಬೇಡಿ. ಮೊದಲು ಕಿವಿ ತೋರಿಸಿ. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕಾಗಿಯೇ ಇದೆ.

ಮಗನಿಗೆ ಈಗ ಎರಡೂವರೆ. ನನ್ನ ಹತ್ತಿರ ಪಾಲು ಕೇಳುತ್ತಾನೆ, ಅಜ್ಜಿ ಹತ್ತಿರ ಹಾಲು.