ಓಪನ್‌ಡಬ್ಲ್ಯುಆರ್‌ಟಿಯ ಲೂಸಿ: ಬದಿಯಡ್ಕದ ಮನೆಯಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನೋಡಲು ಚಂದದ ಸೆಟ್ಟಿಂಗ್ ಪುಟ ಬೇಕಿದ್ದರೆ ಲೂಸಿ ನಿಮಗಲ್ಲ. ರೂಟರಿನ ಒಳಗೆ ಇರುವುದನ್ನೆಲ್ಲ ಮುಚ್ಚುಮರೆಯಿಲ್ಲದೆ ತೋರಿಸುವ, ಎಡವಟ್ಟಾದರೆ ತಾನೇ ಹಿಂದಕ್ಕೆ ಬರುವ ಪುಟ ಬೇಕಿದ್ದರೆ ಮಾತ್ರ ಮುಂದೆ ಓದಿ.

ಗೊತ್ತಿಲ್ಲದವರಿಗೆ ಎರಡು ಮಾತು. ಕಂಪನಿಯ ಫರ್ಮ್‌ವೇರ್ (ರೂಟರನ್ನು ನಡೆಸುವ ಒಳಗಿನ ತಂತ್ರಾಂಶ) ತೆಗೆದು ರೂಟರಿಗೆ ನಾವೇ ಹಾಕಿಕೊಳ್ಳಬಹುದಾದ ಲಿನಕ್ಸ್ ಈ ಓಪನ್‌ಡಬ್ಲ್ಯುಆರ್‌ಟಿ. 2004ರಲ್ಲಿ ಲಿಂಕ್‌ಸಿಸ್ ರೂಟರಿನ ಕೋಡ್‌ನಿಂದ ಶುರುವಾದದ್ದು. ಅದರ ವೆಬ್ ಪುಟವೇ ಲೂಸಿ. 2008ರಲ್ಲಿ ಜರ್ಮನಿಯ ಫ್ರೈಫುಂಕ್ ಎಂಬ ಸಮುದಾಯ ವೈಫೈ ಬಳಗದವರ ಕೆಲಸದಿಂದ ಅದು ಹುಟ್ಟಿತು. ಎಲ್ಲವೂ ಬಿಟ್ಟಿ.

ನನ್ನದು ಟಿಪಿ-ಲಿಂಕ್ ಆರ್ಚರ್ ಸಿ7, 5ನೇ ಆವೃತ್ತಿ. ಮನೆ ಅಡಿಕೆ ತೋಟದ ನಡುವೆ, ಗೋಡೆ ದಪ್ಪ ಕೆಂಪುಕಲ್ಲಿನದ್ದು. ಓಪನ್‌ಡಬ್ಲ್ಯುಆರ್‌ಟಿಯ 18.06 ಆವೃತ್ತಿಯಿಂದ ಶುರು ಮಾಡಿ ಈಗ 24.10ರಲ್ಲಿ ಇದ್ದೇನೆ.

ಮೊದಲ ದಿನ ಲೂಸಿ ಯಾರನ್ನೂ ಕೈಹಿಡಿದು ನಡೆಸುವುದಿಲ್ಲ. ವೈಫೈ ಆಫ್ ಆಗಿಯೇ ಬರುತ್ತದೆ, ಕೇಬಲ್ ಹಾಕಿಯೇ ಒಳಗೆ ಹೋಗಬೇಕು. 'ಕ್ವಿಕ್ ಸೆಟಪ್' ಅನ್ನುವುದೇ ಇಲ್ಲ. ಲೈನ್ ನೋಡಲು ಬಂದ ಕೇಬಲಿನ ಹುಡುಗ ಅದನ್ನೇ ಹುಡುಕಿ ಹುಡುಕಿ, ಕೊನೆಗೆ ಲ್ಯಾಪ್‌ಟಾಪನ್ನು ನನ್ನ ಕೈಗೇ ಕೊಟ್ಟ. ಅವನ ತಪ್ಪಲ್ಲ. ಈ ಪುಟ ಜೋಡಿಸಿರುವುದು ನಮ್ಮ ಕೆಲಸದ ಲೆಕ್ಕದಲ್ಲಿ ಅಲ್ಲ, ರೂಟರಿನ ಕಡತಗಳ ಲೆಕ್ಕದಲ್ಲಿ. ಒಳಗೆ ನೆಟ್‌ವರ್ಕ್, ವೈರ್‌ಲೆಸ್, ಫೈರ್‌ವಾಲ್ ಅಂತ ಬೇರೆ ಬೇರೆ ಕಡತ. ಮೆನು ಕೂಡ ಹಾಗೆಯೇ.

ಇದರ ಕಷ್ಟ ಗೊತ್ತಾಗುವುದು ವೈಫೈ ಪಾಸ್‌ವರ್ಡ್ ಬದಲಿಸುವಾಗ. ನೆಟ್‌ವರ್ಕ್, ಅದರಲ್ಲಿ ವೈರ್‌ಲೆಸ್, ಅಲ್ಲಿ ಎಡಿಟ್, ಕೆಳಗೆ ಸೆಕ್ಯುರಿಟಿ ಟ್ಯಾಬ್, ಕೀ, ಸೇವ್. ಅಷ್ಟಾದರೂ ಏನೂ ಬದಲಾಗಿರುವುದಿಲ್ಲ! ಹೊರಗೆ ಬಂದು 'ಸೇವ್ ಆ್ಯಂಡ್ ಅಪ್ಲೈ' ಒತ್ತಬೇಕು. 2.4ಕ್ಕೆ ಒಂದು ಸಲ, 5 ಗಿಗಾಹರ್ಟ್ಸ್‌ಗೆ ಇನ್ನೊಂದು ಸಲ. "ಭಾವಾ, ಇದರಲ್ಲಿ ಏವದರ ಒತ್ತೆಕ್ಕು?" ಅಂತ ನಮ್ಮ ಭಾವ ಫೋನ್ ಮಾಡಿದಾಗೆಲ್ಲ ಉತ್ತರ ಹೇಳಿ ಹೇಳಿ ನನಗೆ ಮೆನು ಬಾಯಿಪಾಠ ಆಗಿದೆ.

ಆದರೆ ಆ ಎರಡು ಹಂತದ ಸೇವ್‌ನಲ್ಲೇ ಲೂಸಿಯ ದೊಡ್ಡ ಗುಣವೂ ಇದೆ. ಸೇವ್ ಮಾಡಿದ್ದೆಲ್ಲ ಮೇಲೆ 'ಅನ್‌ಸೇವ್ಡ್ ಚೇಂಜಸ್' ಅಂತ ಒಂದು ಕಡೆ ಸೇರುತ್ತದೆ. ಅದನ್ನು ಒತ್ತಿದರೆ ಯಾವ ಕಡತದಲ್ಲಿ ಯಾವ ಸಾಲು ಬದಲಾಗಲಿದೆ ಅಂತ ಬಣ್ಣ ಹಾಕಿ ತೋರಿಸುತ್ತದೆ. (ಹೊಸ ಪಾಸ್‌ವರ್ಡ್ ಕೂಡ ಅಲ್ಲಿ ಹಾಗೇ ಕಾಣುತ್ತದೆ. ಹಿಂದೆ ಯಾರಾದರೂ ನಿಂತಿದ್ದಾರಾ ನೋಡಿಕೊಳ್ಳಿ.) ಅಪ್ಲೈ ಒತ್ತಿದ ಮೇಲೆ ಸೆಕೆಂಡುಗಳ ಎಣಿಕೆ ಶುರು. ಹೊಸ ಸೆಟ್ಟಿಂಗಿನಿಂದ ಬ್ರೌಸರಿಗೂ ರೂಟರಿಗೂ ಸಂಪರ್ಕ ತಪ್ಪಿದರೆ, ಸುಮಾರು 90 ಸೆಕೆಂಡಿನಲ್ಲಿ ಎಲ್ಲ ಹಳೆಯ ಸ್ಥಿತಿಗೆ. ಪಿನ್ ಹುಡುಕಿ ರೀಸೆಟ್ ಒತ್ತುವ ಕೆಲಸ ಇಲ್ಲ.

ಲೂಸಿಯ ಬೆಲೆ ನನಗೆ ಗೊತ್ತಾದದ್ದು ಒಂದು ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲಿಗೆ. ಗುಡುಗು ಶುರುವಾದರೆ ಪ್ಲಗ್ ಕೀಳುವುದು ನಮ್ಮ ಕಡೆ ರೂಢಿ. ಆ ದಿನ ಮನೆಯಲ್ಲಿ ಯಾರೂ ಇರಲಿಲ್ಲ. ಫೈಬರಿನಲ್ಲಿ ಕರೆಂಟ್ ಬರುವುದಿಲ್ಲ ನಿಜ. ಆದರೆ ಫೈಬರ್ ಡಬ್ಬಿಯ ಅಡಾಪ್ಟರಿನಲ್ಲಿ ಬಂದದ್ದು ತಾಮ್ರದ ಲ್ಯಾನ್ ಕೇಬಲ್ ಹಿಡಿದು ರೂಟರಿಗೂ ಬಂತು. ಡಬ್ಬಿಯನ್ನು ಕೇಬಲಿನವರು ಬದಲಿಸಿದರು. ರೂಟರಿನ ವ್ಯಾನ್ ಪೋರ್ಟ್ (ಹೊರಗಿನ ಲೈನ್ ಸಿಕ್ಕಿಸುವ ತೂತು) ಮಾತ್ರ ಸತ್ತಿತ್ತು, ಉಳಿದದ್ದೆಲ್ಲ ಸರಿ.

ಕಂಪನಿಯ ಫರ್ಮ್‌ವೇರ್ ಇದ್ದಿದ್ದರೆ ರೂಟರ್ ಗುಜರಿಗೆ ಹೋಗುತ್ತಿತ್ತು. ಲೂಸಿಯಲ್ಲಿ ನೆಟ್‌ವರ್ಕ್ ಕೆಳಗೆ 'ಸ್ವಿಚ್' ಅಂತ ಒಂದು ಪುಟ ಇದೆ. ಒಂದು ಕೋಷ್ಟಕ. ಮೇಲೆ ಪೋರ್ಟುಗಳ ಹೆಸರು, ಪ್ರತಿ ಹೆಸರಿನ ಕೆಳಗೆ ಲಿಂಕ್ ಇದೆಯೋ ಇಲ್ಲವೋ ಅಂತ. ವ್ಯಾನ್ ಕೆಳಗೆ ಕೇಬಲ್ ಹಾಕಿದರೂ 'ನೋ ಲಿಂಕ್'. ಒಂದೊಂದು ಸಾಲೂ ಒಂದು ವಿಎಲ್ಯಾನ್, ಅಂದರೆ ಪೋರ್ಟುಗಳ ಒಂದು ಗುಂಪು. ವಿಎಲ್ಯಾನ್ 1 ಮನೆಯ ಒಳಗಿನದ್ದು, 2 ಹೊರಗಿನದ್ದು. ಲ್ಯಾನ್ 4ನ್ನು ಮೊದಲ ಸಾಲಿನಲ್ಲಿ 'ಆಫ್' ಮಾಡಿದೆ, ಎರಡನೇ ಸಾಲಿನಲ್ಲಿ 'ಅನ್‌ಟ್ಯಾಗ್ಡ್' ಮಾಡಿದೆ, ಅಂದರೆ ಹೊರಗಿನ ಗುಂಪಿಗೆ ಸೇರಿಸಿದೆ. ಸಿಪಿಯು ಕಾಲಂ ಮುಟ್ಟಲಿಲ್ಲ. ಅಪ್ಲೈ ಒತ್ತಿ, ಫೈಬರ್ ಡಬ್ಬಿಯ ಕೇಬಲನ್ನು ನಾಲ್ಕನೇ ತೂತಿಗೆ ಸಿಕ್ಕಿಸಿದೆ. ನೆಟ್ ಬಂತು! ಇವತ್ತಿಗೂ ಅದರಲ್ಲೇ ಓಡುತ್ತಿದೆ.

ಬೇಸರ ತರುವ ಸಂಗತಿಯೂ ಇದೆ. ಯಾರೋ ಫೋಟೋ ಕಳಿಸುವಾಗ ಮಗಳ ವಿಡಿಯೋ ಕಾಲ್ ಕಡಿಯಬಾರದು ಅಂತ ಎಸ್‌ಕ್ಯೂಎಂ (ಲೈನನ್ನು ಎಲ್ಲರಿಗೂ ಸಮನಾಗಿ ಹಂಚುವ ಸೌಲಭ್ಯ) ಹಾಕಿದ್ದೇನೆ. ಕೆಲಸ ಅಚ್ಚುಕಟ್ಟು. ಆದರೆ ವೇಗ ಬರೆಯುವ ಜಾಗದಲ್ಲಿ ಲೆಕ್ಕ ಕಿಲೋಬಿಟ್‌ನಲ್ಲಿ. ನಮ್ಮ 50 ಎಂಬಿಪಿಎಸ್ ಲೈನಿಗೆ ಸ್ವಲ್ಪ ಕಡಿಮೆ ಮಾಡಿ 45000 ಅಂತ ಬರೆಯಬೇಕು. ಬಿಲ್ಲಿನಲ್ಲಿ ಎಂಬಿಪಿಎಸ್ ಓದಿದವರು 45 ಅಂತಲೇ ಬರೆಯುತ್ತಾರೆ, ಅಲ್ವಾ? ಬರೆದರೆ ಲೂಸಿ ಚಕಾರ ಎತ್ತದೆ ಒಪ್ಪಿಕೊಂಡು ಲೈನನ್ನು ಆಮೆ ಮಾಡಿಬಿಡುತ್ತದೆ. 'ಇಷ್ಟು ಕಡಿಮೆಯಾ?' ಅಂತ ಒಂದು ಸಾಲು ಕೇಳಲು ಏನು ಕಷ್ಟವೋ.

ವೇಗದ ಬಗ್ಗೆ ದೂರಿಲ್ಲ. 18.06ರಲ್ಲಿ ಪ್ರತಿ ಪುಟವನ್ನು ರೂಟರೇ ತಯಾರಿಸಿ ಕಳಿಸಬೇಕಿತ್ತು, ಒಂದೊಂದು ಕ್ಲಿಕ್ಕಿಗೂ ಕಾಯುವುದು. 2020ರ 19.07ರಿಂದ ಹೆಚ್ಚಿನ ಕೆಲಸ ಬ್ರೌಸರಿನಲ್ಲಿ ಆಗುತ್ತದೆ. 23.05ರಲ್ಲಿ ಒಳಗಿನ ಲುವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜಾಗಕ್ಕೂ ಯುಕೋಡ್ ಎಂಬ ಇನ್ನೊಂದು ಭಾಷೆ ಬಂತು, ಬಳಸುವವರಿಗೆ ಅದು ಕಾಣುವುದಿಲ್ಲ.

ಹಾಕಿಕೊಳ್ಳುವ ಮನಸ್ಸಿದ್ದರೆ ಕನಿಷ್ಠ 16 ಎಂಬಿ ಫ್ಲ್ಯಾಶ್ (ಫರ್ಮ್‌ವೇರ್ ಕೂರುವ ಜಾಗ), 128 ಎಂಬಿ ರ‍್ಯಾಮ್ ಇರುವ ರೂಟರ್ ನೋಡಿ. ಮೂಲೆಯಲ್ಲಿ ಬಿದ್ದಿರುವ 4 ಎಂಬಿ ಫ್ಲ್ಯಾಶಿನ ಹಳೆಯದಕ್ಕೆ ಸುಮ್ನೆ ಕೈ ಹಾಕಬೇಡಿ, 19.07ರ ನಂತರದ್ದು ಅದರಲ್ಲಿ ಹಿಡಿಸುವುದಿಲ್ಲ. ಕೊಳ್ಳುವ ಮೊದಲು ಡಬ್ಬದ ಕೆಳಗೆ ಬರೆದಿರುವ ಆವೃತ್ತಿ ಸಂಖ್ಯೆಯನ್ನು ಓಪನ್‌ಡಬ್ಲ್ಯುಆರ್‌ಟಿಯ ಪಟ್ಟಿಯಲ್ಲಿ ಹುಡುಕಿ. ಒಂದೇ ಹೆಸರಿನ ರೂಟರಿನ ಒಳಗೆ ಬೇರೆ ಬೇರೆ ಚಿಪ್ ಇರುವುದುಂಟು.