ಜೋಳ ಹಳದಿಯಾಗಿದೆ: ಯೂರಿಯಾ ಹಾಕೋದಾ, ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಹೊಡೆಯೋದಾ?

ಹಳದಿ ಕಂಡ ಕೂಡಲೇ ಯೂರಿಯಾ ಚೀಲ ಬಿಚ್ಚಬೇಡಿ. ಮೊದಲು ಯಾವ ಎಲೆ ಹಳದಿ ಅಂತ ನೋಡಿ.

ಸಾರಜನಕ ಕಮ್ಮಿಯಾದರೆ ಗಿಡ ಹಳೇ ಎಲೆಯಿಂದ ಕಿತ್ತು ಹೊಸದಕ್ಕೆ ಕೊಡುತ್ತದೆ. ಹಾಗಾಗಿ ಕೆಳಗಿನ ಎಲೆ ತುದಿಯಿಂದ ಶುರುವಾಗಿ ನಡುದಿಂಡಿನ ಗುಂಟ ಹಳದಿಯಾಗುತ್ತದೆ. ಆಗ ಯೂರಿಯಾ ಸರಿ, ಅದರಲ್ಲಿ ಶೇ. 46 ಸಾರಜನಕವೇ ಇದೆ. ಆದರೆ ಹಸಿ ಇದ್ದಾಗ ಮಾತ್ರ. ಒಣ ನೆಲಕ್ಕೆ ಚೆಲ್ಲಿದರೆ ಸುಮ್ನೆ ದುಡ್ಡು ದಂಡ.

ಕಬ್ಬಿಣದ ಕೊರತೆ ಇದಕ್ಕೆ ಉಲ್ಟಾ. ಸುಳಿಯ ಎಲೆಯೇ ಹಳದಿ, ನರ ಮಾತ್ರ ಹಸಿರು, ಬುಡದಿಂದ ತುದಿವರೆಗೂ ಗೆರೆ ಎಳೆದ ಹಾಗೆ. ವಿಜಯಪುರದ ಕಡೆಯ ಸುಣ್ಣದ ಹರಳಿರುವ ಎರೆ ಹೊಲಗಳಲ್ಲಿ ಇದು ಬರುವಂಥದ್ದೇ. ಮಣ್ಣಲ್ಲಿ ಕಬ್ಬಿಣ ಇರುತ್ತದೆ, ಬೇರಿಗೆ ಸಿಗಲ್ಲ ಅಷ್ಟೇ. ಅದಕ್ಕೇ ಅನ್ನಭೇದಿಯನ್ನು ಮಣ್ಣಿಗೆ ಹಾಕೋದರಿಂದ ಹೆಚ್ಚು ಉಪಯೋಗವಿಲ್ಲ, ಎಲೆಗೇ ಹೊಡೆಯಬೇಕು: ಲೀಟರ್ ನೀರಿಗೆ 5 ಗ್ರಾಂ, ಚಿಟಿಕೆ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ), ಸಂಜೆ ಹೊತ್ತು, ಹತ್ತು ದಿನ ಬಿಟ್ಟು ಇನ್ನೊಮ್ಮೆ. ದ್ರಾವಣ ತಿಳಿ ಹಸಿರಾಗಿರಲಿ. ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ಚೆಲ್ಲಿಬಿಡಿ.

ಅನುಮಾನ ಇದ್ದರೆ ಒಂದು ಎಳೆ ಎಲೆಗೆ ಇದೇ ನೀರನ್ನು ಬಟ್ಟೆಯಿಂದ ಒರೆಸಿ, ದಾರ ಕಟ್ಟಿಡಿ. ವಾರದೊಳಗೆ ಒರೆಸಿದ ಕಡೆ ಹಸಿರಾಯ್ತಾ? ಕಬ್ಬಿಣದ್ದೇ ಕೊರತೆ.

ಎಳೆ ಎಲೆಯ ಬುಡದರ್ಧದಲ್ಲಿ ಮಾತ್ರ ಬಿಳಿ ಪಟ್ಟೆ ಇದ್ದರೆ ಸತುವಿನ ಕೊರತೆ. ಇನ್ನು ಹಳೇ ಎಲೆಯ ತುದಿ, ಅಂಚು ಸುಟ್ಟ ಹಾಗಿದ್ದು ನೆಲದ ಮೇಲೆ ಬಿಳಿ ಪುಡಿ ಕಂಡರೆ ಅದು ಉಪ್ಪು ಜಾಸ್ತಿಯಾಗಿದ್ದು ಇರಬಹುದು. ಅಲ್ಲಿ ಗೊಬ್ಬರ ಸುರಿದರೆ ಇನ್ನೂ ಕೆಡುತ್ತದೆ, ಮಣ್ಣು ಪರೀಕ್ಷೆ ಮಾಡಿಸಿ.