ಮನೆಯ ಡಿವಿಡಿಗಳಿಗೆ ಯಾವ ರೂಪ? ಎಂಕೆವಿ, ಎಚ್.264 ಮತ್ತು ಎಚ್.265ರ ಹೋಲಿಕೆ

ಮದುವೆಯ ಮತ್ತು ಊರಿನ ಯಕ್ಷಗಾನದ ಡಿವಿಡಿಗಳಿಗೆ ಬೇರೆ ಪ್ರತಿ ಇರುವುದಿಲ್ಲ. ಆದ್ದರಿಂದ ಅವನ್ನು ಕಂಪ್ಯೂಟರಿಗೆ ಇಳಿಸುವಾಗ ಎಷ್ಟು ಕುಗ್ಗಿಸಬೇಕು ಎಂಬುದನ್ನು ಅವಸರದಲ್ಲಿ ತೀರ್ಮಾನಿಸಬಾರದೆಂದು ನಮ್ಮ ಮನೆಯ ಡಿಸ್ಕುಗಳ ಮೇಲೆ ಮೂರು ವಿಧಾನಗಳನ್ನೂ (ಇದ್ದುದನ್ನು ಇದ್ದಂತೆ ಎಂಕೆವಿ ಕಡತದಲ್ಲಿಡುವುದು, ಇಲ್ಲವೆ ಎಚ್.264 ಅಥವಾ ಎಚ್.265 ಎಂಬ ಪದ್ಧತಿಯಲ್ಲಿ ಕುಗ್ಗಿಸುವುದು) ಪ್ರಯೋಗಿಸಿ, ಒಂದೇ ದೃಶ್ಯವನ್ನು ಮತ್ತೆ ಮತ್ತೆ ನಿಲ್ಲಿಸಿ ಹೋಲಿಸಿದೆ.

ಮೇಕ್‌ಎಂಕೆವಿ ತಂತ್ರಾಂಶವು ಡಿಸ್ಕಿನಲ್ಲಿ ಎಂಪೆಗ್-2 ಪದ್ಧತಿಯಲ್ಲಿ ಕುಗ್ಗಿಸಿಟ್ಟಿರುವ ವಿಡಿಯೊವನ್ನು ಸ್ವಲ್ಪವೂ ಬದಲಿಸದೆ ಎಂಕೆವಿ ಕಡತದೊಳಗೆ ಇಡುತ್ತದೆ. ಗುಣಮಟ್ಟದಲ್ಲಿ ಎಳ್ಳಷ್ಟೂ ನಷ್ಟವಿಲ್ಲ, ಕೆಲಸವೂ ಬೇಗ ಮುಗಿಯುತ್ತದೆ. ಆದರೆ ಗಾತ್ರ ಇಳಿಯುವುದಿಲ್ಲ. ಒಂದು ಪದರದ ಡಿಸ್ಕು 4.7 ಜಿಬಿಯವರೆಗೆ ಹಿಡಿಯುವುದರಿಂದ, ನಾಲ್ಕು ಡಿಸ್ಕುಗಳ ಒಂದು ಮದುವೆಯೇ 18 ಜಿಬಿಯ ಆಸುಪಾಸಿಗೆ ಬರುತ್ತದೆ.

ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಪರಿವರ್ತಕ ತಂತ್ರಾಂಶದಲ್ಲಿ ಎಚ್.264ಕ್ಕೆ ಪರಿವರ್ತಿಸುವಾಗ ಗುಣಮಟ್ಟವನ್ನು ಆರ್‌ಎಫ್ ಎಂಬ ಸಂಖ್ಯೆ ನಿರ್ಧರಿಸುತ್ತದೆ. ಸಂಖ್ಯೆ ಇಳಿದಷ್ಟೂ ಚಿತ್ರ ಉತ್ತಮವಾಗುತ್ತದೆ, ಕಡತ ದೊಡ್ಡದಾಗುತ್ತದೆ. ಆರ್‌ಎಫ್ 22ರಲ್ಲಿ ವೇಷಧಾರಿಯ ಕಿರೀಟ ಚೆನ್ನಾಗಿಯೇ ಕಂಡಿತಾದರೂ, ಹಿಂದಿನ ಕಪ್ಪು ಪರದೆ ಚೌಕ ಚೌಕವಾಗಿ ಒಡೆದು ತೋರಿತು. 20ರಲ್ಲಿ ಆ ದೋಷ ಬಹುಮಟ್ಟಿಗೆ ಮಾಯವಾಯಿತು. 18ರಲ್ಲಿ ಮೂಲಕ್ಕೂ ಪ್ರತಿಗೂ ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ, ಗಾತ್ರವೂ ಮೂಲದ ಅರ್ಧದಷ್ಟಕ್ಕೆ ಇಳಿಯಿತು.

ಎಚ್.265 ಇನ್ನೂ ಚಿಕ್ಕ ಕಡತ ಕೊಟ್ಟಿತು. ಆದರೆ ಎರಡರ ಆರ್‌ಎಫ್ ಸಂಖ್ಯೆಗಳನ್ನು ಸಮನೆಂದು ಎಣಿಸಬಾರದು. ಮಂದ ಬೆಳಕಿನ ಛತ್ರದಲ್ಲಿ ತೆಗೆದ ಧಾರೆಯ ದೃಶ್ಯದಲ್ಲಿ ಅದು ವಿಡಿಯೊದ ಕಾಳುಕಾಳಾದ ಗದ್ದಲವನ್ನು ಒರೆಸಿಹಾಕುವ ಭರದಲ್ಲಿ ಸೀರೆಯ ಜರಿಯಂಚಿನ ಸಣ್ಣ ಗೆರೆಗಳನ್ನೂ ಒರೆಸಿಬಿಟ್ಟಿತು. ಸಮಯವೂ ಹೆಚ್ಚು ಬೇಕಾಯಿತು. ಮನೆಯ ಹಳೆಯ ಟಿವಿ ಆ ಕಡತವನ್ನು ತೆರೆಯಲೇ ಇಲ್ಲ. 720×576ರ ಹಳೆಯ ವಿಡಿಯೊಗೆ ಈ ಉಳಿತಾಯ ತಕ್ಕುದಲ್ಲವೆಂದೇ ನನ್ನ ಅಭಿಪ್ರಾಯ.

ಇವೆಲ್ಲಕ್ಕಿಂತ ಹೆಚ್ಚು ಅಂತರ ತಂದದ್ದು ಇಂಟರ್‌ಲೇಸ್ (ಸಾಲು ಬಿಟ್ಟು ಸಾಲಾಗಿ ಎರಡು ಅರ್ಧಚಿತ್ರಗಳನ್ನು ಹೆಣೆಯುವ ಕ್ರಮ) ತೆಗೆಯುವ ಆಯ್ಕೆ. ಪಾಲ್ ಎಂಬ ಹಳೆಯ ಟಿವಿ ಪದ್ಧತಿಯ ಕ್ಯಾಮೆರಾಗಳು ಸೆಕೆಂಡಿಗೆ 50 ಅರ್ಧಚಿತ್ರಗಳನ್ನು ದಾಖಲಿಸುತ್ತಿದ್ದವು. ಅವನ್ನು ಹಾಗೆಯೇ ಬಿಟ್ಟರೆ, ವೇಷಧಾರಿ ಮಂಡಿ ಹಾಕಿ ತಿರುಗುವಾಗ ತೋಳು ಬಾಚಣಿಗೆಯ ಹಲ್ಲಿನಂತೆ ಸೀಳಿ ಕಾಣುತ್ತದೆ. 25 ಚಿತ್ರಗಳಿಗೆ ಇಳಿಸಿದರೆ ಸೀಳು ಹೋಗುತ್ತದೆ, ಆದರೆ ಕುಣಿತದ ಲವಲವಿಕೆಯೂ ಅದರೊಂದಿಗೇ ಹೋಗುತ್ತದೆ. ಬಾಬ್ ಆಯ್ಕೆಯಲ್ಲಿ ಪ್ರತಿ ಅರ್ಧಚಿತ್ರದಿಂದಲೂ ಒಂದು ಪೂರ್ಣ ಚಿತ್ರ ರೂಪುಗೊಂಡು, ಸೆಕೆಂಡಿಗೆ 50 ಚಿತ್ರಗಳು ಉಳಿಯುತ್ತವೆ. ಕಡತ ಕೊಂಚ ಹಿಗ್ಗಿದರೂ ಯಕ್ಷಗಾನಕ್ಕೆ ನಾನು ಇದನ್ನಲ್ಲದೆ ಬೇರೆಯದನ್ನು ಒಪ್ಪಲಾರೆ.

ಎರಡು ಗಂಟೆಗಳ ವಿಡಿಯೊವನ್ನು ಒಂದು ಪದರದ ಡಿಸ್ಕಿನಲ್ಲಿ ತುಂಬಿದರೆ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ಸಿಗುತ್ತದೆ. ಸ್ಟುಡಿಯೊದವರು ಮೂರು ಗಂಟೆ ತುರುಕಿದ್ದರೆ 3.5ರಷ್ಟು ಮಾತ್ರ. ಅಂಥ ಡಿಸ್ಕುಗಳಲ್ಲಿ ಚೌಕಗಳು ಮೊದಲೇ ಇರುತ್ತವೆ, ಯಾವ ಆರ್‌ಎಫ್ ಸಂಖ್ಯೆಯೂ ಅವನ್ನು ಸರಿಪಡಿಸದು. ಅವನ್ನು ಮತ್ತೆ ಕುಗ್ಗಿಸದೆ ಎಂಕೆವಿಯಾಗಿಯೇ ಇಟ್ಟುಕೊಂಡಿದ್ದೇನೆ. ಉಳಿದವಕ್ಕೆ ಎಚ್.264, ಆರ್‌ಎಫ್ 18. ಧ್ವನಿಯನ್ನು ಮಾತ್ರ ಎಲ್ಲಿಯೂ ಪರಿವರ್ತಿಸಲಿಲ್ಲ: ಡಿವಿಡಿಯಲ್ಲಿರುವ, ಸೆಕೆಂಡಿಗೆ 192 ಕಿಲೋಬಿಟ್‌ನ ಎಸಿ-3 ರೂಪದ ಧ್ವನಿ ಎರಡು ಗಂಟೆಗೆ ಸುಮಾರು 173 ಎಂಬಿ ಅಷ್ಟೇ, ಅಷ್ಟಕ್ಕಾಗಿ ಚೆಂಡೆಯ ನಾದವನ್ನು ಕೆಡಿಸಬೇಕಾಗಿಲ್ಲ.